ಪೂಜೆಗೆ ಕೂತ ಕಂಪ್ಯೂಟರನ್ನು ಎಬ್ಬಿಸಿದ್ದು

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ದೇವರ ಮುಂದೆ ಕೂತ ಸಾಮಾನನ್ನು ಮರುದಿನ ಬನ್ನಿ ಮುಡಿಯುವ ತನಕ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಕುಡಗೋಲು, ಕೊಡಲಿ, ಕಬ್ಬು ಕಡಿಯುವ ಕೊಯ್ತಾ, ನನ್ನ ಹೊಲಿಗೆಯ ಕತ್ತರಿ, ಅಡುಗೆಮನೆಯ ಈಳಿಗೆ, ಎಲ್ಲಕ್ಕೂ ಅದೇ ಕಟ್ಟಳೆ. ಈಳಿಗೆ ಕೂತ ಮೇಲೆ ಪಲ್ಯ ಹೆಚ್ಚುವ ಹಾಗಿಲ್ಲ, ಆ ದಿನ ಬೇಳೆ ಕಟ್ಟಿನ ಸಾರು ಮತ್ತು ಕಡಬು. ನಾನು ಸೊಸೆಯಾಗಿ ಬಂದ ಮೊದಲ ವರ್ಷ ಮರೆತು ಈಳಿಗೆ ಎತ್ತಿಕೊಂಡು ಒಂದು ಸೌತೆಕಾಯಿ ಹೆಚ್ಚಿಬಿಟ್ಟೆ. ಅತ್ತೆ ಬೈಯಲಿಲ್ಲ. ಹೆಚ್ಚಿದ ಸೌತೆಕಾಯಿಯನ್ನು ಎಮ್ಮೆಯ ಮುಂದೆ ಸುರಿದರು, ಈಳಿಗೆ ತೊಳೆದರು, ಮತ್ತೆ ಕುಂಕುಮ ಹಚ್ಚಿ ಅದರ ಜಾಗದಲ್ಲಿ ಕೂಡಿಸಿದರು. ಇಪ್ಪತ್ತೆರಡು ವರ್ಷವಾಯಿತು, ಅವರು ಮಾತಾಡದೆ ಮಾಡಿದ ಆ ಕೆಲಸ ಇನ್ನೂ ನನ್ನ ಕಣ್ಣ ಮುಂದಿದೆ.

ಈಚೆಗೆ ಆ ಸಾಲಿನಲ್ಲಿ ಒಂದು ಕಂಪ್ಯೂಟರ್ ಕೂಡ ಕೂರುತ್ತದೆ. ನನ್ನ ಮೈದುನ ಅಥಣಿಯ ಕಡೆ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾನೆ. ತಾನು ಹೊಸದು ಕೊಂಡಾಗ ಹಳೆಯದನ್ನು ಬೇಡಕಿಹಾಳದ ನಮ್ಮ ಮನೆಗೆ ತಂದಿಟ್ಟ. ಅದರಲ್ಲಿದ್ದದ್ದನ್ನೆಲ್ಲ ತೆಗೆದು ಲಿನಕ್ಸ್ ಹಾಕಿದ. ವಯಸ್ಸಾದ ಜೀವಕ್ಕೆ ಭಾರದ ಸೀರೆ ಯಾಕೆ ವೈನಿ, ಹಗುರಾದದ್ದು ಉಡಿಸಿದ್ದೇನೆ ಎಂದು ನಕ್ಕ. ನಮ್ಮವರು ಅದರಲ್ಲಿ ಮಳೆ ಯಾವಾಗ ಎಂದು ನೋಡುತ್ತಾರೆ. ನಾನು ಬೆಳಿಗ್ಗೆ ಆರತಿಯ ಹಾಡು ಹಚ್ಚುತ್ತೇನೆ, ಮಧ್ಯಾಹ್ನ ಪ್ರವಚನ ಕೇಳುತ್ತೇನೆ. ಆದರೆ ಅದು ನಿಜವಾಗಿ ಮನೆಗೆ ಬಂದದ್ದು ಅತ್ತೆಗಾಗಿ.

ಅತ್ತೆಯ ಕಿವಿ ಪೂರ್ತಿ ಹೋಗಿ ಎಂಟು ವರ್ಷ. ಅವರಿಗೆ ಒಬ್ಬಳೇ ಅಕ್ಕ. ಇಬ್ಬರೂ ಹುಟ್ಟಿದ್ದು ತೆಲಸಂಗದಲ್ಲಿ. ಅಕ್ಕನನ್ನು ಪುಣೆಗೆ ಕೊಟ್ಟರು, ತಂಗಿಯನ್ನು ಇಲ್ಲಿಗೆ. ಆ ಅಕ್ಕನನ್ನು ನಾನು ದೊಡ್ಡತ್ತೆ ಎನ್ನುತ್ತೇನೆ. ಫೋನಿನಲ್ಲಿ ಮಾತಾಡೋಣವೆಂದರೆ ನಮ್ಮ ಅತ್ತೆಗೆ ಕೇಳಿಸದು, ಫೋನಿನ ಪರದೆಯಲ್ಲಿ ಮುಖ ನೋಡೋಣವೆಂದರೆ ಅವರ ಕಣ್ಣಿಗೆ ಅದು ಇರುವೆಯಷ್ಟು. ಕಂಪ್ಯೂಟರಿನ ಪರದೆಯಲ್ಲಿ ಮಾತ್ರ ದೊಡ್ಡತ್ತೆಯ ಮುಖ ಮೊರದಷ್ಟು ದೊಡ್ಡದಾಗಿ ಬರುತ್ತದೆ. ಆ ತುಟಿಗಳನ್ನು ನೋಡಿಯೇ ಅತ್ತೆ ಮಾತೆಲ್ಲ ತಿಳಿದುಕೊಳ್ಳುತ್ತಾರೆ. ಪ್ರತಿ ಮಂಗಳವಾರ ಊಟವಾದ ಮೇಲೆ ಬ್ರೌಸರ್ ತೆರೆದು, ಪುಣೆಯಿಂದ ಬಂದ ವಿಡಿಯೋ ಕರೆಯ ಕೊಂಡಿ ಹಾಕಿಕೊಟ್ಟರೆ ಇಬ್ಬರೂ ಒಂದು ತಾಸು ಜಗಳಾಡುತ್ತಾ ಕೂರುತ್ತಿದ್ದರು.

ಕಳೆದ ವರ್ಷದ ಖಂಡೇ ಪೂಜೆಯ ಬೆಳಿಗ್ಗೆ ಆ ಕಂಪ್ಯೂಟರಿನಲ್ಲಿ ದೇವಿಯ ಆರತಿ ಹಚ್ಚಿಟ್ಟು ನೆಲ ಸಾರಿಸುತ್ತಿದ್ದೆ. ಆರತಿ ಮುಗಿಯಿತು. ನಾನು ಹೊಸ್ತಿಲು ತೊಳೆದು ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ತಾನೇ ಬಂದ್ ಆಗಿದೆ, ಒಳ್ಳೆಯದಾಯಿತು ಎಂದುಕೊಂಡೆ. ವೈರು ಕಿತ್ತು, ಕಂಪ್ಯೂಟರಿನ ಡಬ್ಬಿಯನ್ನು ಒರೆಸಿ, ದೇವರ ಕೋಣೆಯಲ್ಲಿ ಈಳಿಗೆಯ ಪಕ್ಕದಲ್ಲಿ ಕೂಡಿಸಿ ವಿಭೂತಿ, ಕುಂಕುಮ, ಚೆಂಡು ಹೂವು ಏರಿಸಿದೆ. ನವರಾತ್ರಿಯ ಘಟ ಹಾಕಿ ಒಂಬತ್ತು ದಿನವಾಗಿತ್ತು. ಮಣ್ಣಿನಲ್ಲಿ ಬಿತ್ತಿದ ಜೋಳ ಗೋಧಿ ಗೇಣುದ್ದ ಹಳದಿ ಸಸಿಯಾಗಿ ನಿಂತಿದ್ದವು, ಮರುದಿನ ದಸರೆಗೆ ಕಿತ್ತು ತಲೆಗೆ ಮುಡಿಯುವ ಸಸಿ. ನೋಡಿ ಮನಸ್ಸು ತುಂಬಿತು.

ಮಧ್ಯಾಹ್ನ ಒಂದೂವರೆಗೆ ಪುಣೆಯಿಂದ ದೊಡ್ಡತ್ತೆಯ ಮಗ ಫೋನ್ ಮಾಡಿದರು. ಅವರ ದನಿಯೇ ಬೇರೆಯಾಗಿತ್ತು. ದೊಡ್ಡತ್ತೆಗೆ ನಿನ್ನೆ ರಾತ್ರಿ ಎದೆ ನೋವು ಬಂದಿದೆ, ದವಾಖಾನೆಗೆ ಸೇರಿಸಿದ್ದಾರೆ, ನಾಳೆ ನಸುಕಿನಲ್ಲೇ ಹೃದಯದ ಆಪರೇಶನ್. ದಸರೆ ಇದ್ದರೂ ತಡ ಮಾಡುವ ಹಾಗಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಈ ವಯಸ್ಸಿನಲ್ಲಿ ಎದ್ದು ಬರುವುದು ಅರ್ಧಕ್ಕರ್ಧ ಎಂದೂ ಹೇಳಿದ್ದಾರೆ. ದೊಡ್ಡತ್ತೆ ಕೇಳಿದ್ದು ಒಂದೇ. ತಂಗಿಯನ್ನು ಒಮ್ಮೆ ನೋಡಬೇಕು. ನಾಲ್ಕು ಗಂಟೆಯಿಂದ ನಾಲ್ಕೂವರೆಯವರೆಗೆ ನೋಡಬಹುದು, ಆಮೇಲೆ ಒಳಗೆ ಒಯ್ಯುತ್ತಾರೆ, ಅಲ್ಲಿ ಫೋನ್ ಬಿಡುವುದಿಲ್ಲ.

ನಾನು ಅಡುಗೆಮನೆಯ ಕಟ್ಟೆ ಹಿಡಿದು ನಿಂತೆ. ಪುಣೆಗೆ ಕರೆದೊಯ್ಯೋಣವೆಂದರೆ ಅತ್ತೆ ಸೊಂಟ ಮುರಿದುಕೊಂಡು ಅಂಗಳ ದಾಟದೆ ವರ್ಷವಾಗಿತ್ತು. ಅಕ್ಕನ ಮುಖ ತೋರಿಸಬಲ್ಲ ಒಂದೇ ವಸ್ತು ದೇವರ ಮುಂದೆ ಕೂತಿತ್ತು. ಅತ್ತೆಗೆ ಹೇಗೆ ಹೇಳಲಿ? ಅವರ ಎದುರು ಕೂತು, ನಿಧಾನವಾಗಿ ತುಟಿ ಆಡಿಸಿ ಎಲ್ಲ ಹೇಳಿದೆ. ಅತ್ತೆ ನನ್ನ ಬಾಯನ್ನೇ ನೋಡಿದರು. ಆಮೇಲೆ ದೇವರ ಕೋಣೆಯ ಕಡೆ ತಿರುಗಿದರು. ಮುಂಗೈ ಹಿಡಿ ಎಂದು ಸನ್ನೆ ಮಾಡಿದರು. ಹಿಡಿದುಕೊಂಡು ಒಳಗೆ ಹೋದೆ. ತಾವೇ ಸೆರಗಿನ ತುದಿಯಿಂದ ಡಬ್ಬಿಯ ಮೇಲಿನ ಕುಂಕುಮ ಒರೆಸಿ, ಹೂವು ತೆಗೆದು ಈಳಿಗೆಯ ಮೇಲಿಟ್ಟರು.

"ಎತ್ತ ಬೇ. ತಾಯಿಗೆ ನಾ ಹೇಳ್ಕೋತೀನಿ," ಅಂದರು.

ಒಂದು ಸೌತೆಕಾಯಿಯನ್ನು ಎಮ್ಮೆಗೆ ಹಾಕಿದ ಕೈ ಅದು. ಡಬ್ಬಿ ಎತ್ತಿ ತಂದು ಮೇಜಿನ ಮೇಲಿಟ್ಟು ವೈರುಗಳನ್ನು ಸಿಕ್ಕಿಸಿದೆ. ಕರೆಂಟು ಇತ್ತು, ಅದೊಂದು ದಯೆ. ಕಂಪ್ಯೂಟರ್ ಹತ್ತಿತು, ಎಂದಿಗಿಂತ ತಡವಾಗಿಯಾದರೂ ಹತ್ತಿತು, ಅದು ಎರಡನೆಯದು. ಬ್ರೌಸರಿನ ಚಿತ್ರ ಒತ್ತಿದೆ. ಕಿಟಕಿ ಬಂತು. ಬಂದು ರೆಪ್ಪೆ ಬಡಿಯುವಷ್ಟರಲ್ಲಿ ಹೋಯಿತು.

ಮತ್ತೆ ಒತ್ತಿದೆ. ಮತ್ತೆ ಬಂತು, ಹೋಯಿತು. ಬಾಗಿಲು ತೆರೆದವರು ನಮ್ಮ ಮುಖ ನೋಡಿ ಧಡಾರನೆ ಹಾಕಿಕೊಂಡ ಹಾಗೆ. ಐದಾರು ಸಲ ಮಾಡಿದೆ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಅದೇ ಕತೆ. ಪೂಜೆಗೆ ಕೂತದ್ದನ್ನು ಎಬ್ಬಿಸಿದೆವು, ಅದಕ್ಕೇ ಹೀಗಾಯಿತು ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಹಿಂದೆ ಕುರ್ಚಿಯಲ್ಲಿ ಅತ್ತೆ ಆಗಲೇ ತಲೆ ಬಾಚಿ, ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದರು. ಅವರಿಗೆ ನನ್ನ ಮುಖ ತೋರಿಸಲಾರದೆ ಪರದೆಯನ್ನೇ ನೋಡುತ್ತಾ ಕೂತೆ.

ನಮ್ಮವರು ಟ್ರ್ಯಾಕ್ಟರ್ ತೊಳೆದು ಒದ್ದೆ ಕಾಲಲ್ಲಿ ಬಂದು ಇಣುಕಿದರು. ಬಟನ್ ಸರಿಯಾಗಿ ಒತ್ತಿದೆಯಾ ಎಂದರು. ಮೈದುನನಿಗೆ ಫೋನ್ ಹಚ್ಚಿ ಎಂದೆ. ಅವನು ಹೆಂಡತಿಯ ತವರಿನಲ್ಲಿ ಹಬ್ಬದ ಊಟಕ್ಕೆ ಕೂತಿದ್ದ. ಗಂಟೆ ಎರಡೂವರೆ ಆಗಿತ್ತು.

"ವೈನಿ, ಕಡಬು ನನಗ ತಗದ ಇಟ್ಟೀರಿಲ್ಲೋ?" ಎಂದು ಶುರು ಮಾಡಿದ.

"ಕಡಬು ಆಮ್ಯಾಲ. ದೊಡ್ಡತ್ತಿಗೆ ನಾಳೆ ಎದಿ ಆಪರೇಶನ್ ಐತಿ. ನಾಕಕ್ಕ ಅತ್ತಿಗೆ ಮುಖ ತೋರಸಬೇಕು. ಬ್ರೌಸರ್ ತೆರದಾಂಗ ಮಾಡಿ ಮಾಯ ಆಗಾಕತ್ತೈತಿ," ಎಂದೆ.

ಅತ್ತ ತಾಟಿನ ಸದ್ದು ನಿಂತಿತು. ಕೈ ತೊಳೆದು ಬಂದವನೇ ಬೇರೆ ದನಿಯಲ್ಲಿ ಒಂದೊಂದಾಗಿ ಕೇಳತೊಡಗಿದ. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿಕೊಂಡೆ. ಅವನಿಗೆ ಮೊದಲು ಬಂದ ಅನುಮಾನ ನನ್ನ ಪ್ರವಚನಗಳ ಮೇಲೆ. ಶ್ರಾವಣದ ಪ್ರವಚನಗಳನ್ನೆಲ್ಲ ದಿನಕ್ಕೊಂದರಂತೆ ಇಳಿಸಿ ಇಟ್ಟುಕೊಂಡಿದ್ದೆ. ದೇವರ ಮಾತನ್ನು ಅಳಿಸುವುದಕ್ಕೆ ಮನಸ್ಸು ಬಾರದೆ ಒಂದನ್ನೂ ತೆಗೆದಿರಲಿಲ್ಲ. ಜಾಗವೆಲ್ಲ ತುಂಬಿ ಬ್ರೌಸರಿಗೆ ಕಾಲೂರಲು ಸ್ಥಳ ಇಲ್ಲದಿದ್ದರೂ ಹೀಗಾಗುತ್ತದಂತೆ. ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಕೂಡಿಸಿ ಒತ್ತಲು ಹೇಳಿದ. ಕಪ್ಪು ಕಿಟಕಿಯೊಂದು ಬಂತು. ಅವನು ಹೇಳಿದ ಅಕ್ಷರ ಒತ್ತಿ ಎಂಟರ್ ಮಾಡಿ, ಬಂದ ಅಂಕಿಗಳನ್ನು ಓದಿ ಹೇಳಿದೆ. ಅರ್ಧಕ್ಕೂ ಹೆಚ್ಚು ಜಾಗ ಖಾಲಿ ಇತ್ತು.

"ನಿಮ್ಮ ಸ್ವಾಮಿಗೋಳು ನಿರಪರಾಧಿ ಅದಾರ್ರೀ ವೈನಿ," ಎಂದ.

ನನಗೆ ನಗು ಬರಲಿಲ್ಲ, ಆದರೂ ಒಂದು ಭಾರ ಇಳಿಯಿತು. ಮೂರನೆಯ ದಯೆ.

ಮುಂದೆ ಚಿತ್ರ ಒತ್ತುವ ಬದಲು ಅದೇ ಕಪ್ಪು ಕಿಟಕಿಯಲ್ಲಿ ಬ್ರೌಸರಿನ ಹೆಸರು ಟೈಪ್ ಮಾಡಿ ತೆರೆಯಲು ಹೇಳಿದ. ಹಾಗೆ ಮಾಡಿದರೆ ಅದು ಬೀಳುವಾಗ ಯಾಕೆ ಬಿದ್ದೆ ಎಂದು ಒಂದೆರಡು ಮಾತು ಆಡಿ ಬೀಳುತ್ತದಂತೆ. ಮಾಡಿದೆ. ಸಾಲು ಸಾಲು ಇಂಗ್ಲಿಷ್ ಬಂತು, ಕೊನೆಯಲ್ಲಿ ಸೆಗ್ಮೆಂಟೇಶನ್ ಫಾಲ್ಟ್ ಎಂದಿತ್ತು. ಹತ್ತನೆಯ ತನಕ ಓದಿದವಳು ನಾನು, ಫಾಲ್ಟ್ ಎಂದರೆ ತಪ್ಪು ಎಂಬುದು ಗೊತ್ತು. ಆ ಮಾತು ನನಗೇ ಹೇಳಿದ ಹಾಗಿತ್ತು. ಫೋಟೋ ತೆಗೆದು ಅವನಿಗೆ ಕಳಿಸಿದೆ. ಹೆಚ್ಚಿನ ಅಲಂಕಾರವನ್ನೆಲ್ಲ ಬಿಟ್ಟು ಸಾದಾ ರೀತಿಯಲ್ಲಿ ತೆರೆಯುವ ಒಂದು ಉಪಾಯ ಹೇಳಿದ, ಅದರಲ್ಲೂ ಬಿತ್ತು. ಗಂಟೆ ಮೂರೂಕಾಲು.

ಫೋಟೋ ಮತ್ತೊಮ್ಮೆ ನೋಡಿ, "ವೈನಿ, ಮುಂಜಾನೆ ಇದನ್ನ ಬಂದ್ ಹೆಂಗ ಮಾಡಿದ್ರಿ?" ಎಂದು ಕೇಳಿದ.

ನಾನೇನೂ ಬಂದ್ ಮಾಡಲಿಲ್ಲ, ಆರತಿ ಮುಗಿದ ಮೇಲೆ ತಾನೇ ಬಂದ್ ಆಗಿತ್ತು, ವೈರು ತೆಗೆದೆ ಎಂದೆ.

"ಡಬ್ಬಿ ಮ್ಯಾಲಿನ ಸಣ್ಣ ದೀಪ ಆರಿತ್ತೇನು?"

ಆ ದೀಪವನ್ನು ನಾನು ನೋಡಿಯೇ ಇರಲಿಲ್ಲ. ನೋಡಿದ್ದು ಪರದೆಯನ್ನು ಮಾತ್ರ. ಮೈದುನ ಬಿಡಿಸಿ ಹೇಳಿದ. ಪರದೆ ಕಣ್ಣು ಮುಚ್ಚಿತ್ತೇ ಹೊರತು ಕಂಪ್ಯೂಟರ್ ಮಲಗಿರಲಿಲ್ಲ. ಒಳಗೆ ಬ್ರೌಸರ್ ತೆರೆದೇ ಇತ್ತು, ತನ್ನ ಕಡತದಲ್ಲಿ ಏನೋ ಬರೆದುಕೊಳ್ಳುತ್ತಿತ್ತು. ಬರೆಯುವ ಕೈಯನ್ನು ನಡುವೆ ಎಳೆದ ಹಾಗೆ ನಾನು ವೈರು ಕಿತ್ತಿದ್ದೆ. ಅರ್ಧ ಬರೆದು ಕೆಟ್ಟ ಆ ಕಡತವನ್ನು ಈಗ ತೆರೆಯುವಾಗಲೆಲ್ಲ ಓದಲು ಹೋಗಿ ಎಡವಿ ಬೀಳುತ್ತಿದೆ.

ಇಷ್ಟು ಹೊತ್ತು ಪೂಜೆಯಿಂದ ಎಬ್ಬಿಸಿದ್ದೇ ತಪ್ಪು, ಎಬ್ಬಿಸಿದ್ದು ಅತ್ತೆ ಎಂದು ಮನಸ್ಸಿನ ಒಂದು ಮೂಲೆ ಅವರ ಮೇಲೆ ಹಾಕಿ ಹಗುರಾಗುತ್ತಿತ್ತು. ಎಬ್ಬಿಸಿದ್ದರಲ್ಲಿ ಏನೂ ಇರಲಿಲ್ಲ. ಕೂಡಿಸಿದ್ದರಲ್ಲೇ ಇತ್ತು. ಕೂಡಿಸಿದವಳು ನಾನು, ಅದೂ ಭಕ್ತಿಯಿಂದ, ಅವಸರದಲ್ಲಿ. ಪ್ರತಿ ವರ್ಷ ನಾನೇ ಕೂಡಿಸುತ್ತಿದ್ದೆ, ಬೇರೆ ವರ್ಷಗಳಲ್ಲಿ ಆರಿಸಿದ ಮೇಲೆ ಕೂಡಿಸಿದ್ದೆನೋ, ದೇವಿ ಕಾಪಾಡಿದ್ದಳೋ, ಯಾರಿಗೆ ಗೊತ್ತು.

ಇನ್ನೇನು ಮಾಡುವುದು ಎಂದು ಕೇಳಿದೆ. ಮೈದುನ ಮೆತ್ತಗಾದ. ಬ್ರೌಸರ್ ತನ್ನ ಸಂಸಾರವನ್ನೆಲ್ಲ ಒಂದು ಗಂಟಿನಲ್ಲಿ, ಅಂದರೆ ಫೋಲ್ಡರಿನಲ್ಲಿ, ಕಟ್ಟಿ ಬಚ್ಚಿಟ್ಟಿರುತ್ತದೆ, ಕೆಟ್ಟ ಕಡತವೂ ಅದರಲ್ಲೇ ಇದೆ, ಆ ಗಂಟು ಕಾಣದಿದ್ದರೆ ಹೊಸ ಸಂಸಾರ ಹೂಡುತ್ತದೆ ಎಂದ.

"ಅಂದ್ರ ಹಳೇದ್ದನ್ನ ಅಳಸೂದೇನು?"

"ಅಳಸಬ್ಯಾಡ್ರಿ. ಹೆಸರಷ್ಟ ಬದಲಿಸ್ರಿ. ಅದಕ್ಕ ಗುರುತ ಸಿಗಬಾರದು, ನಮಗ ಸಿಗಬೇಕು."

ಈ ಮಾತು ನನಗೆ ಎಷ್ಟು ಬೇಗ ತಿಳಿಯಿತೆಂದರೆ ಅವನಿಗೇ ಆಶ್ಚರ್ಯ. ನಮ್ಮ ಕಡೆ ಮದುವೆಯಾದ ಹೆಣ್ಣಿನ ಹೆಸರು ಬದಲಿಸುತ್ತಾರೆ. ನನ್ನದೂ ಬದಲಾಗಿದೆ. ತವರಿನ ಹೆಸರು ಸತ್ತಿಲ್ಲ, ಅಲ್ಲಿ ಹೋದಾಗ ಯಾರಾದರೂ ಕರೆದರೆ ಇವತ್ತಿಗೂ ಓ ಎನ್ನುತ್ತೇನೆ. ಇಲ್ಲಿ ಮಾತ್ರ ಆ ಹೆಸರಿನವಳು ಯಾರೂ ಇಲ್ಲ.

ಅಕ್ಷರಕ್ಕೆ ಅಕ್ಷರ ಹೇಳಿದ. ಮೊದಲು ಎಂ, ವಿ, ಒಂದು ಜಾಗ ಬಿಡಿ, ಆಮೇಲೆ ಗಂಟಿನ ಹೆಸರು, ಮತ್ತೆ ಜಾಗ, ಅದೇ ಹೆಸರಿನ ಬೆನ್ನಿಗೆ ಹಳೆ ಎಂದು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ. ಎಂಟರ್ ಒತ್ತಿದೆ. ಅಂಥ ಗಂಟೇ ಇಲ್ಲ ಎಂದಿತು. ಎರಡನೆಯ ಸಲವೂ ಇಲ್ಲ ಎಂದಿತು. ಮೂರೂ ಐವತ್ತು. ಹಿಂದೆ ಅತ್ತೆ ಬಳೆ ಸರಿಸುವ ಸದ್ದು ಕೇಳಿತು. ಮೈದುನ ಫೋಟೋ ಕಳಿಸಲು ಹೇಳಿದ, ನೋಡಿದ. ಹೆಸರಿನ ಮುಂದೆ ಒಂದು ಚುಕ್ಕಿ ಇರಬೇಕಂತೆ, ಬಚ್ಚಿಟ್ಟ ಗಂಟಿಗೆಲ್ಲ ಹಣೆಯಲ್ಲಿ ಚುಕ್ಕಿ. ಅದನ್ನು ನಾನು ಇಟ್ಟಿರಲಿಲ್ಲ. ಇಡೀ ಜನ್ಮ ಹಣೆಗೆ ಕುಂಕುಮ ಇಡದೆ ಅಂಗಳಕ್ಕೆ ಬಾರದವಳು ಇಲ್ಲಿ ಮರೆತಿದ್ದೆ.

ಚುಕ್ಕಿ ಇಟ್ಟು ಒತ್ತಿದೆ. ಕಪ್ಪು ಕಿಟಕಿ ಏನೂ ಹೇಳಲಿಲ್ಲ. ಏನೂ ಹೇಳದಿದ್ದರೆ ಒಪ್ಪಿತು ಎಂದರ್ಥ, ಲಿನಕ್ಸು ನಮ್ಮ ಅಣ್ಣನ ಹಾಗೆ, ಎಂದ ಮೈದುನ. ನಮ್ಮವರು ಬಾಗಿಲಲ್ಲೇ ನಿಂತಿದ್ದರು, ಅವರೂ ಏನೂ ಹೇಳಲಿಲ್ಲ.

ಬ್ರೌಸರ್ ಒತ್ತಿದೆ. ಕಿಟಕಿ ಬಂತು. ಹೋಗಲಿಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ನಿಂತಿತು. ನನ್ನ ಆರತಿಯ ಗುರುತುಗಳು, ಪ್ರವಚನದ ಪಟ್ಟಿ ಯಾವುದೂ ಇಲ್ಲ, ನನ್ನನ್ನು ಎಂದೂ ಕಾಣದವರ ಹಾಗೆ ಸ್ವಾಗತ ಹೇಳಿತು. ಫೋನಿಗೆ ಬಂದಿದ್ದ ಕರೆಯ ಕೊಂಡಿಯನ್ನು ನೋಡಿ ನೋಡಿ ಟೈಪ್ ಮಾಡಿದೆ. ಕ್ಯಾಮೆರಾ ಬಳಸಲೇ ಎಂದು ಕೇಳಿತು, ಬಳಸು ಎಂದೆ. ನಾಲ್ಕು ಹೊಡೆದು ಒಂಬತ್ತು ನಿಮಿಷಕ್ಕೆ ಪುಣೆಯ ದವಾಖಾನೆಯ ಹಸಿರು ಪರದೆ ಕಂಡಿತು. ಆಮೇಲೆ ದೊಡ್ಡತ್ತೆಯ ಮುಖ.

ಒಳಗೆ ಒಯ್ಯುವ ಮುನ್ನ ಬಳೆ, ಮೂಗುತಿ, ಹಲ್ಲಿನ ಕಟ್ಟು ಎಲ್ಲ ತೆಗೆಸಿದ್ದರು. ಕೆನ್ನೆ ಒಳಗೆ ಹೋಗಿ ಬೇರೆ ಯಾರೋ ಮುದುಕಿ ಮಲಗಿದ್ದ ಹಾಗಿತ್ತು. ಅವರು ಏನೋ ಮಾತಾಡಿದರು. ಹಲ್ಲಿಲ್ಲದ ಬಾಯಿ ಬರೀ ಮುದುಡಿ ಬಿಚ್ಚಿತು. ಸ್ಪೀಕರಿನಲ್ಲೂ ಸದ್ದು ಗೊಗ್ಗರಾಗಿ ಬಂತು, ನನಗೂ ತಿಳಿಯಲಿಲ್ಲ. ಅತ್ತೆ ಪರದೆಯ ಹತ್ತಿರ ಬಾಗಿದರು. ಕಣ್ಣು ಕಿರಿದು ಮಾಡಿದರು. ತಿರುಗಿ ನನ್ನನ್ನು ನೋಡಿದರು. ಮುಖ ಸಿಕ್ಕರೂ ಮಾತು ಸಿಗಲಿಲ್ಲ. ಇಷ್ಟೆಲ್ಲ ಮಾಡಿಯೂ ಹೀಗಾಯಿತಲ್ಲ ತಾಯಿ ಎಂದು ನಾನು ಒಳಗೊಳಗೇ ಕೂಗಿದೆ.

ಆಗ ದೊಡ್ಡತ್ತೆ ಸೂಜಿ ಚುಚ್ಚಿದ ಕೈಯನ್ನು ಹೊದಿಕೆಯಿಂದ ಮೆಲ್ಲಗೆ ತೆಗೆದರು. ಅಂಗೈಯನ್ನು ನೆಲದ ಕಡೆ ಮಾಡಿ ಎರಡು ಸಲ ತಟ್ಟುವ ಹಾಗೆ ಆಡಿಸಿದರು. ಅತ್ತೆಯ ಬಾಯಿಂದ ಸಣ್ಣ ಕೂಸಿನಂಥ ಸದ್ದು ಬಂತು. ಅವರೂ ಹಾಗೆಯೇ ಆಡಿಸಿದರು. ಅಕ್ಕ ಹೊಟ್ಟೆ ಮುಟ್ಟಿ ಬೆರಳು ಎತ್ತಿದರೆ ತಂಗಿ ತಲೆಯ ಮೇಲೆ ಕೈ ತಿರುಗಿಸಿದರು. ಇಬ್ಬರ ಕೈಗಳೂ ಓಡತೊಡಗಿದವು. ಇಷ್ಟು ವರ್ಷದಲ್ಲಿ ಅತ್ತೆಯ ಕೈಯಲ್ಲಿ ಇಂಥದೊಂದು ಭಾಷೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ತೆಲಸಂಗದಲ್ಲಿ ಜೋಳದ ಹೊಲ ಕಾಯುವಾಗ ಅಕ್ಕ ಒಂದು ಅಟ್ಟದ ಮೇಲೆ, ತಂಗಿ ಇನ್ನೊಂದು ತುದಿಯ ಅಟ್ಟದ ಮೇಲೆ ಕೂರುತ್ತಿದ್ದರಂತೆ. ಗಾಳಿಗೆ ಕೂಗು ಮುಟ್ಟುತ್ತಿರಲಿಲ್ಲ. ಹಕ್ಕಿ ಬಂದವು, ಹಸಿವಾಯಿತು, ಮನೆಗೆ ಹೋಗೋಣ ಎಲ್ಲವೂ ಕೈಯಲ್ಲೇ. ಅಂಗೈ ನೆಲಕ್ಕೆ ತಟ್ಟಿದರೆ ಅಂಜಬೇಡ, ಇಲ್ಲೇ ಇದ್ದೇನೆ ಎಂದು. ಇದನ್ನು ಅತ್ತೆ ನನಗೆ ಹೇಳಿದ್ದು ಆಮೇಲೆ.

ಗಂಟೆ ನಾಲ್ಕೂ ಇಪ್ಪತ್ತೆಂಟಕ್ಕೆ ಬಿಳಿ ಬಟ್ಟೆಯವರು ಬಂದು ಮಂಚದ ಗಾಲಿ ಬಿಡಿಸಿದರು. ಅತ್ತೆ ನನ್ನ ಕೈ ಜಗ್ಗಿ ದೇವರ ಕೋಣೆಯ ಕಡೆ ಬೆರಳು ಮಾಡಿದರು.

"ಘಟದಾನ ಸಸಿ ತಾ."

ನಾಳೆಯವರೆಗೆ ಕೀಳುವ ಹಾಗಿಲ್ಲ ಎಂದು ನನ್ನ ತುಟಿ ಹೇಳಿತು. ಅವರು ಓದಲು ಒಪ್ಪಲಿಲ್ಲ. ನಾನು ಓಡಿಹೋಗಿ ಒಂದು ಹಿಡಿ ಸಸಿ ಕಿತ್ತು ತಂದೆ. ಅತ್ತೆ ಅದನ್ನು ಕ್ಯಾಮೆರಾದ ಮುಂದೆ ಹಿಡಿದು, ಪರದೆಯ ಮೇಲಿದ್ದ ಅಕ್ಕನ ತಲೆಗೆ ಮುಡಿಸಿದರು. ಗಾಜಿನ ಮೇಲೆ ಮಣ್ಣು ಉಳಿಯಿತು. ಆ ಮಣ್ಣಿನ ಹಿಂದೆ ಮಂಚ ಸರಿದು ಹೋಯಿತು.

ಮರುದಿನ ಬನ್ನಿ ಕೊಡಲು ಬಂದವರಿಗೆಲ್ಲ ಕಡಬು ಬಡಿಸಿದೆ, ಯಾರ ಮುಖವೂ ನೆನಪಿಲ್ಲ. ಮಧ್ಯಾಹ್ನ ಫೋನ್ ಬಂತು. ಎದ್ದಿದ್ದಾರೆ, ನೀರು ಕೇಳಿದ್ದಾರೆ. ಎಣಿಸುತ್ತಾ ಬಂದ ದಯೆಗಳ ಲೆಕ್ಕ ಅಲ್ಲಿಗೆ ತಪ್ಪಿಹೋಯಿತು. ಸಂಜೆ ಕಂಪ್ಯೂಟರನ್ನು ಕ್ರಮವಾಗಿ ಆರಿಸಿ, ಸಣ್ಣ ದೀಪ ಹೋಗುವ ತನಕ ಕಾದು, ಅತ್ತೆ ಒರೆಸಿದ ಜಾಗದಲ್ಲೇ ಮತ್ತೆ ಕುಂಕುಮ ಹಚ್ಚಿದೆ. ಮೈದುನ ದೀಪಾವಳಿಗೆ ಬಂದಾಗ ಹಳೆ ಗಂಟಿನಿಂದ ನನ್ನ ಆರತಿಯ ಗುರುತುಗಳನ್ನು ಹೊಸದಕ್ಕೆ ತಂದುಕೊಟ್ಟ.

ಹನ್ನೆರಡು ದಿನದ ಮೇಲೆ ಮಂಗಳವಾರ ದೊಡ್ಡತ್ತೆ ಮತ್ತೆ ಪರದೆಗೆ ಬಂದರು. ದಿಂಬಿಗೆ ಒರಗಿದ್ದರು, ಹಲ್ಲಿನ ಕಟ್ಟು ಬಾಯಿಗೆ, ಮೂಗುತಿ ಮೂಗಿಗೆ ಬಂದಿದ್ದವು. ತಂಗಿಯನ್ನು ಒಂದು ಗಳಿಗೆ ನೋಡಿ, ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಆಡಿದರು, ಕೊನೆಯಲ್ಲಿ ತಿಳಿಯಿತಾ ಎಂದು ಕೇಳಿದ್ದು ಮಾತ್ರ ಪುಣೆಯ ಮರಾಠಿಯಲ್ಲಿ.

"ಒಂದಿನ ಮೊದಲ ಸಸಿ ಕಿತ್ತೀದಿ. ಸೊಸೀ ಮುಂದ ಎಲ್ಲಾ ರೀತಿ ಹೇಳಾಕಿ ನೀನ. ನಾ ನೋಡೀನಿ, ಬರಂ ಕಾ?"

ಅತ್ತೆ ನನ್ನ ಕಡೆ ತಿರುಗಿ, ಏನೂ ತಿಳಿಯದವರ ಹಾಗೆ ಕೇಳಿದರು.

"ಏನಂತಾಳ ಬೇ ಆಕಿ? ಹಲ್ಲ ಇನ್ನೂ ಬರೋಬರಿ ಕೂತಿಲ್ಲ ಕಾಣ್ತೈತಿ."